ಸೊಸೆಗೆ ಹೈಕ್, ನನಗೆ ಬೆಟ್ಟ

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಅಂದಿದ್ದರೆ ಮೊನ್ನೆ ಮೊನ್ನೆಯವರೆಗೂ ನಾನು ಒಪ್ಪುತ್ತಿರಲಿಲ್ಲ. ಸಿಂಗಸಂದ್ರದ ಈ ಅಪಾರ್ಟ್‌ಮೆಂಟಿಗೆ ಬಂದು ಒಂಬತ್ತು ವರ್ಷವಾಯಿತು. ದಿನಕ್ಕೆ ನಾಲ್ಕು ಸಲ ಲಿಫ್ಟಿನಲ್ಲಿ ಹೋಗಿ ಬರುವವಳಿಗೆ ಇಂಗ್ಲಿಷ್ ತಾನಾಗಿ ಅಂಟುತ್ತದೆ. ಅಲ್ಲಿ ನಿಂತವರು ಆಡುವುದೇ ಹತ್ತು ಹನ್ನೆರಡು ಪದ. ಟ್ಯಾಂಕರ್ ಅಂದರೆ ನಲ್ಲಿಯಲ್ಲಿ ನೀರಿಲ್ಲ. ಮೆಂಟೆನೆನ್ಸ್ ಅಂದರೆ ಲಿಫ್ಟ್ ಕೆಟ್ಟಿದೆ. ಕಾಲ್ ಅಂದರೆ ನನ್ನನ್ನು ಮಾತಾಡಿಸಬೇಡಿ. ಹೈಕ್ ಅಂದರೆ ಸಂಬಳ ಜಾಸ್ತಿಯಾಗಿದೆ.

ಈ ಹೈಕ್ ಎಂಬ ಪದದ ಮೇಲೆ ನನಗೆ ಬಹಳ ಹಿಡಿತವಿತ್ತು. ವರ್ಷಕ್ಕೊಮ್ಮೆ ಅದರ ಕಾಲ ಬಂತೆಂದರೆ ಲಿಫ್ಟಿನಲ್ಲಿ ಬೇರೆ ಮಾತೇ ಇಲ್ಲ. "ಹೈಕ್ ಬಂತಾ?" "ಬಂತು." "ನಿಮಗೆ?" "ಇಲ್ಲ." ಇಲ್ಲ ಎಂದವರು ತಮ್ಮ ಮಹಡಿ ಬರುವ ಮೊದಲೇ ಇಳಿದು ಮೆಟ್ಟಿಲು ಹತ್ತಿಕೊಂಡು ಹೋಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನನ್ನ ಸೊಸೆ ಸವಿತ ಎರಡು ವರ್ಷದಿಂದ ಹಾಗೆ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ. ಏನು ಕೆಲಸ ಎಂದು ನನಗೆ ಗೊತ್ತಿಲ್ಲ, ಅವಳು ಹೇಳಿಯೂ ಇಲ್ಲ. ಎರಡು ವರ್ಷವೂ ಅವಳ ಮ್ಯಾನೇಜರು "ಮುಂದಿನ ಸಲ ನೋಡೋಣ" ಎಂದಿದ್ದರಂತೆ. ಈ ಸಲದ ಹೈಕಿನ ಪಟ್ಟಿ ಆ ತಿಂಗಳೇ ಆಗಬೇಕಿತ್ತು. ಅಷ್ಟರಲ್ಲಿ ಅವಳು ನಿಂತುಕೊಂಡು ಊಟ ಮಾಡುವುದನ್ನು ಕಲಿತಿದ್ದಳು. ಕೂತರೆ ಅಷ್ಟು ಹೊತ್ತು ಕೆಲಸ ಹಿಂದೆ ಬೀಳುತ್ತದಂತೆ. ಅವಳ ಮುಖದ ಗಂಟು ನೋಡುತ್ತಾ ಉಣ್ಣುವುದು ನಮಗೂ ಸುಲಭವಲ್ಲ. ಹೈಕ್ ಅವಳಿಗೆ ಎಷ್ಟು ಬೇಕಿತ್ತೋ ನನ್ನ ಹೊಟ್ಟೆಗೂ ಅಷ್ಟೇ ಬೇಕಿತ್ತು.

ಒಂದು ಗುರುವಾರ ಹೀಗೇ ನಿಂತು ಮುದ್ದೆ ಮುರಿಯುತ್ತಾ, ಒಂದು ಕಿವಿಗೆ ಫೋನಿನ ಬೆಂಡೋಲೆ ಸಿಕ್ಕಿಸಿಕೊಂಡು ಹೇಳಿದಳು.

"ಅತ್ತೆ, ಶನಿವಾರ ಹೈಕ್ ಇದೆ."

ನನ್ನ ಕೈಯ ಸೌಟು ಸಾರಿನಲ್ಲೇ ಉಳಿಯಿತು.

"ಯಾರ್ಯಾರಿಗೆ?"

"ನಮ್ಮ ಟೀಮಿಗೆಲ್ಲ. ಜೋಸೆಫ್ ಸಾರೇ ಅರೇಂಜ್ ಮಾಡಿರೋದು. ಮನೆಯವರನ್ನೂ ಕರ್ಕೊಂಡು ಬರಬಹುದಂತೆ. ಇವ್ರಿಗೆ ಶನಿವಾರ ಪಾಳಿ ಇದೆ."

ಇವರು ಎಂದರೆ ನನ್ನ ಮಗ. ಬೊಮ್ಮಸಂದ್ರದ ಕಾರ್ಖಾನೆಯಲ್ಲಿದ್ದಾನೆ. ಜೋಸೆಫ್ ಸಾರ್ ಎಂದರೆ ಆ 'ಮುಂದಿನ ಸಲ ನೋಡೋಣ' ಮ್ಯಾನೇಜರು.

"ಅವನು ಬರದಿದ್ರೆ ನಾನು ಬರ್ತೀನಿ," ಎಂದೆ.

"ನೀವಾ? ಅತ್ತೆ, ನಿಮ್ಮ ಮಂಡಿ..."

"ನನ್ನ ಮಂಡಿ ನನ್ನ ಹತ್ರ ಇದೆ. ಕೂರಕ್ಕೆ ಕುರ್ಚಿ ಹಾಕಿರ್ತಾರೆ ತಾನೆ?"

"ಹಲೋ, ಹಾಂ, ಇದೀನಿ ಇದೀನಿ," ಎಂದಳು. ಅದು ಫೋನಿಗೆ ಹೇಳಿದ್ದು. ನಾನು ಒಪ್ಪಿಗೆ ಎಂದು ತೆಗೆದುಕೊಂಡೆ.

ನಮ್ಮ ಯಜಮಾನರು ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತು ತಿರುಗಿಸಿದವರು. ಇಂಥ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು, ಕೇಳದಿದ್ದರೂ ಬರುತ್ತದೆ.

"ಹೈಕ್ ಅಂದ್ರೆ ನಮ್ಮ ಕಾಲದ ಇಂಕ್ರಿಮೆಂಟ್ ಕಣೇ," ಎಂದರು. "ಇಂಕ್ರಿಮೆಂಟ್ ಕೊಟ್ಟ ದಿನ ನಮ್ಮ ಯೂನಿಯನ್ನೋರು ಮ್ಯಾನೇಜರಿಗೆ ಹಾರ ಹಾಕಿ ಸಿಹಿ ಹಂಚ್ತಿದ್ರು. ಮನೆ ಹಿರಿಯಳು ನೀನು, ಬರಿಗೈಲಿ ಹೋಗ್ಬೇಡ."

"ನೀವೂ ಬನ್ನಿ."

"ಫಂಕ್ಷನ್ ಊಟ ನಂಗೆ ಆಗ್ಬರಲ್ಲ."

ಅಜೀರ್ಣ ಒಬ್ಬ ಮನುಷ್ಯನನ್ನು ಇಷ್ಟು ಚೆನ್ನಾಗಿ ಕಾಪಾಡಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಶುಕ್ರವಾರ ಕೂತು ಐವತ್ತು ಬೇಳೆ ಒಬ್ಬಟ್ಟು ತಟ್ಟಿದೆ. ವಾಸನೆ ಹಿಡಿದುಕೊಂಡು ಮೇಲಿನ ಮನೆಯ ಪುಷ್ಪಮ್ಮ ಇಳಿದು ಬಂದಳು. ತನ್ನ ಮಗನ ಹೈಕಿನ ವಿಷಯ ನನಗೆ ನಾಲ್ಕು ಸಲ ಹೇಳಿದವಳು ಅವಳು.

"ಏನ್ರೀ ವಿಶೇಷ?"

"ನಮ್ಮ ಸವಿತಂಗೆ ಹೈಕ್."

"ಹೌದಾ? ಎಷ್ಟು?"

"ನಾಳೆ ಹೇಳ್ತಾರಂತೆ. ಫಂಕ್ಷನ್ ಇಟ್ಕೊಂಡಿದಾರೆ."

ಪುಷ್ಪಮ್ಮನ ಮುಖ ನೋಡಿ ನನ್ನ ಸೊಂಟ ನೋವು ಅರ್ಧ ಕಡಿಮೆಯಾಯಿತು. ಸಂಜೆಯ ಹೊತ್ತಿಗೆ ಗೇಟಿನ ಸೆಕ್ಯೂರಿಟಿಯವನೂ ನನಗೆ ಕೈಮುಗಿದ.

ಶನಿವಾರ ಬೆಳಕು ಹರಿಯುವ ಮೊದಲೇ ಹೊರಡಬೇಕಿತ್ತು. ನಾನು ಮಗನ ಮದುವೆಗೆ ಉಟ್ಟಿದ್ದ ಕುಂಕುಮ ಬಣ್ಣದ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹಣೆಗೆ ವಿಭೂತಿ ಇಟ್ಟು, ಒಬ್ಬಟ್ಟಿನ ಸ್ಟೀಲ್ ಡಬ್ಬಿ ಹಿಡಿದು ನಿಂತೆ. ಹಾರ ಚೀಲದಲ್ಲಿತ್ತು. ಕಾಲಿಗೆ ಹೊಸ ಚಪ್ಪಲಿ, ಸ್ವಲ್ಪ ಹಿಮ್ಮಡಿ ಎತ್ತರದ್ದು. ಸವಿತ ನೋಡಿದರೆ ಪ್ಯಾಂಟು, ಬನಿಯನ್ನಿನಂಥ ಅಂಗಿ, ಬೆನ್ನಿಗೊಂದು ಚೀಲ.

"ಇವತ್ತಾದ್ರೂ ಒಂದು ಸೀರೆ ಉಡಬಾರದೇನೇ?" ಎಂದೆ.

"ಸೀರೆ ಉಟ್ಕೊಂಡು ಹೈಕಾ ಅತ್ತೆ?"

"ಮತ್ತೆ ಪ್ಯಾಂಟ್ ಹಾಕ್ಕೊಂಡಾ?"

ಇಬ್ಬರೂ ಸರಿಯಾಗಿಯೇ ಮಾತಾಡಿದೆವು. ಬೆಟ್ಟದ ಮೇಲೆ ಬಸವಣ್ಣನ ಮಂಟಪವಿದೆ, ಪೂಜೆಗೆಂದು ಅತ್ತೆ ರೇಷ್ಮೆ ಉಟ್ಟಿರಬೇಕು ಎಂದು ಅವಳು ಸುಮ್ಮನಾದಳಂತೆ. ಅದನ್ನು ಅವಳು ಹೇಳಿದ್ದು ಆಮೇಲೆ, ಬಹಳ ಆಮೇಲೆ.

ಟಿ.ಟಿ. ಗಾಡಿಯಲ್ಲಿ ಹನ್ನೆರಡು ಜನ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎಲ್ಲರನ್ನೂ ಹತ್ತಿಸಿಕೊಂಡ ಗಾಡಿ ಕಂಪನಿಯ ಗೇಟಿಗೆ ಹೋಗದೆ ಕನಕಪುರದ ಕಡೆ ತಿರುಗಿತು. ದೊಡ್ಡ ಕಂಪನಿ, ಫಂಕ್ಷನ್ನು ರೆಸಾರ್ಟಿನಲ್ಲಿ ಇಟ್ಟುಕೊಂಡಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ನಿದ್ದೆ ಹೋದೆ.

ಎಚ್ಚರವಾದಾಗ ಎದುರಿಗೆ ಬೆಟ್ಟಗಳು. ಒಂದರ ಹಿಂದೆ ಒಂದು, ಎಲ್ಲ ಬರೀ ಬಂಡೆ, ರಾಕ್ಷಸರ ಮನೆಯ ಗುಂಡುಕಲ್ಲುಗಳನ್ನು ತೊಳೆದು ಸಾಲಾಗಿ ಇಟ್ಟ ಹಾಗೆ. ನಡುವಿನದಂತೂ ಬೋರಲು ಹಾಕಿದ ಕೊಪ್ಪರಿಗೆ. ಅದರ ನೆತ್ತಿಯಲ್ಲಿ ನಾಲ್ಕು ಕಡ್ಡಿ ನೆಟ್ಟಂತೆ ಏನೋ ಕಾಣುತ್ತಿತ್ತು. ನೋಡುವುದಕ್ಕೆ ಚೆನ್ನಾಗಿತ್ತು. ನೋಡುವುದಕ್ಕೆ ಮಾತ್ರ ಎಂದುಕೊಂಡಿದ್ದೆ.

ಸವಿತ ಬೆಟ್ಟದ ಬುಡದ ಗೇಟಿನ ಹತ್ತಿರ ಎಲ್ಲರ ಹೆಸರು ಬರೆಸುವುದಕ್ಕೆ ಹೋದಳು. ನಾನು ತಡ ಮಾಡಲಿಲ್ಲ. ಜೋಸೆಫ್ ಸಾರ್ ಯಾರೆಂದು ಕೇಳಿ, ನೇರ ಹೋಗಿ ಅವರ ಕೊರಳಿಗೆ ಹಾರ ಹಾಕಿದೆ. ಕೇರಳದ ಕಡೆಯವರು, ಸ್ವಲ್ಪ ಬೊಕ್ಕತಲೆ, ಒಳ್ಳೆಯ ಮುಖ.

"ಅಯ್ಯೋ ಅಮ್ಮಾ, ಎಂತಕ್ಕೆ ಇದೆಲ್ಲಾ?"

"ನಮ್ಮ ಸವಿತಂಗೆ ಹೈಕ್ ಕೊಟ್ರಲ್ಲ, ಅದಕ್ಕೆ. ನಿಮ್ಮ ಹೊಟ್ಟೆ ತಣ್ಣಗಿರಲಿ."

ಅವರು ಬಾಯಿ ತುಂಬ ನಕ್ಕರು. "ಹೈಕ್ ಎಲ್ಲಾರ್ಗೂ ಅಮ್ಮಾ. ಎಲ್ಲಾರ್ಗೂ."

ಎಂಥ ಧಾರಾಳಿ ಎಂದುಕೊಂಡೆ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಕಿರಣ ಎಂಬ ಗಡ್ಡದ ಹುಡುಗ ಮಾತ್ರ ತಟ್ಟಲಿಲ್ಲ. ಅವನು ನನ್ನನ್ನೂ ಹಾರವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ.

ನಮ್ಮನ್ನು ಕರೆದುಕೊಂಡು ಹೋಗುವುದಕ್ಕೆ ಗೊತ್ತಾಗಿದ್ದವನು ಅಲ್ಲಿಯ ಊರಿನ ಮಾದಣ್ಣ. ಐವತ್ತರ ಆಸುಪಾಸು, ಕೈಯಲ್ಲಿ ಬಿದಿರು ಕೋಲು. ಅವನು ಬಂದವನೇ ಹಾರ ನೋಡಿದ.

"ಏನವ್ವಾ, ಸಾಯೇಬ್ರಿಗೆ ಆರ ಆಕಿದೀರಾ? ನಮ್ಮೂರಲ್ಲಿ ಬೆಟ್ಟಕ್ಕೆ ಒಡ್ಕಂಡ್ ಓಗೋ ಮುಂಚೆ ಕುರೀಗ್ ಆಕ್ತೀವಿ."

ಎಲ್ಲರೂ ನಡೆಯತೊಡಗಿದರು. ಸವಿತ ಬಂದವಳು ಹಾರ ನೋಡಿ ಹುಬ್ಬೇರಿಸಿ, ಅತ್ತೆಯ ಮರ್ಯಾದೆ ಇರಬೇಕೆಂದು ಜೋಸೆಫ್ ಸಾರ್ ಜೊತೆ ಏನೋ ಮಾತಾಡುತ್ತಾ ಮುಂದೆ ಹೋದಳು. ಫಂಕ್ಷನ್ ಹಾಲ್ ಹಿಂದುಗಡೆ ಇರಬೇಕೆಂದು ನಾನೂ ಹೊರಟೆ. ಕಾಲು ಗಂಟೆ ನಡೆದರೂ ಹಾಲಿಲ್ಲ. ನೆಲ ಮುಗಿದು ಬಂಡೆ ಶುರುವಾಯಿತು.

"ಕುರ್ಚಿ ಎಲ್ಲಪ್ಪ ಹಾಕಿದಾರೆ?" ಎಂದು ಮಾದಣ್ಣನನ್ನು ಕೇಳಿದೆ.

"ಕುರ್ಚಿನಾ? ಮ್ಯಾಲೆ ಬಸವಣ್ಣನ ಮಂಟಪ ಐತೆ, ಅಲ್ಲಿ ಕುಂತ್ಕಬೌದು."

"ಎಷ್ಟು ಮೇಲೆ?"

ಅವನು ಕೋಲು ಎತ್ತಿ ಆ ನಾಲ್ಕು ಕಡ್ಡಿಗಳನ್ನು ತೋರಿಸಿದ.

"ಅಲ್ಲಿ ಯಾಕೆ ಹೋಗ್ಬೇಕು? ಇವತ್ತು ಹೈಕ್ ಅಲ್ವಾ?"

"ಅದೇ ಕಣವ್ವಾ ಐಕು. ಐಕ್ ಅಂದ್ರೆ ಕಾಲ್ನಡಿಗೇಲಿ ಬೆಟ್ಟ ಅತ್ತಾದು. ತಿಂಗ್ಳಿಗೆ ನಾಕ್ ಐಕ್ ಮಾಡುಸ್ತೀನಿ ನಾನು."

"ಸಂಬಳ ಜಾಸ್ತಿ ಮಾಡೋದಲ್ವಾ?"

"ನಂಗ್ಯಾರವ್ವಾ ಜಾಸ್ತಿ ಮಾಡ್ತಾರೆ?"

ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಕಾಲು ನೋವಿಗಲ್ಲ. ಕೊಡದೇ ಇರುವ ಹೈಕಿಗೆ ಮ್ಯಾನೇಜರಿಗೆ ಹಾರ ಹಾಕಿದ್ದೆ, ಅಷ್ಟು ಜನರ ಎದುರಿಗೆ. ಪಟ್ಟಿ ಇನ್ನೂ ಆಗಬೇಕಿತ್ತು. ಇವಳು ಮನೆಯಲ್ಲಿ ಅತ್ತೆಗೆ ಸುಳ್ಳು ಹೇಳಿದ್ದಾಳೆ ಎಂದೋ, ಅತ್ತೆಯನ್ನು ಛೂ ಬಿಟ್ಟು ತನ್ನ ಮೇಲೆ ಒತ್ತಡ ಹಾಕಿಸುತ್ತಿದ್ದಾಳೆ ಎಂದೋ ಆ ಮನುಷ್ಯ ತಿಳಿದರೆ ಮೂರನೇ ವರ್ಷವೂ ಅವಳಿಗೆ ಮೆಟ್ಟಿಲೇ ಗತಿ. ಪುಣ್ಯಕ್ಕೆ ಅವರು ನನ್ನ ಹೈಕನ್ನು ಬೆಟ್ಟದ ಹೈಕ್ ಎಂದುಕೊಂಡಿದ್ದರು. ಇನ್ನು ನಾನು ಬಾಯಿ ಬಿಡದಿದ್ದರೆ ಆಯಿತು.

ಗಾಡಿಯವನು ಟೀ ಕುಡಿಯಲು ಎಲ್ಲೋ ಹೋಗಿದ್ದ. ಇದ್ದಿದ್ದರೂ, ಗೊತ್ತಿಲ್ಲದೆ ಬಂದೆ ಎಂದು ಹೇಳುವುದಕ್ಕಿಂತ ಹತ್ತುವುದೇ ಸುಲಭ ಎನ್ನಿಸಿತು. ಅದು ಕೆಳಗಿನಿಂದ ನೋಡಿದಾಗ.

ಹತ್ತಿದೆ. ಬಂಡೆಯಲ್ಲಿ ಅಂಗೈಯಷ್ಟಗಲದ ಮೆಟ್ಟಿಲು ಕಡಿದಿದ್ದರು. ಯಾರ ಕಾಲಿಗೆ ಕಡಿದರೋ ಗೊತ್ತಿಲ್ಲ, ಮೇಕೆಯ ಅಳತೆ ತೆಗೆದುಕೊಂಡಿರಬೇಕು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಒಂದು ಕೈಯಲ್ಲಿ ಡಬ್ಬಿ. ಹಿಡಿದುಕೊಳ್ಳುವುದಕ್ಕೆ ಮೂರನೇ ಕೈಯನ್ನು ದೇವರು ಕೊಟ್ಟಿಲ್ಲ. ಡಬ್ಬಿಯನ್ನು ಮಾದಣ್ಣ ಇಸಿದುಕೊಂಡ. ಆಮೇಲೆ ಒಂದು ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಅವನೇ ಹುರಿ ಸುತ್ತಿ ಕಟ್ಟಿದ. ಇನ್ನೊಂದು ಚಪ್ಪಲಿ ಸ್ವಲ್ಪ ಹೊತ್ತಿಗೆ ತಾನಾಗಿ ಕೆಳಗೆ ಹೋಯಿತು. ಅದಕ್ಕೆ ಬುದ್ಧಿ ಇತ್ತು.

ಮಾದಣ್ಣ ನಾಲಿಗೆಗೆ 'ಹ' ಹತ್ತಿಸಿಕೊಂಡವನಲ್ಲ. ನಾಲ್ಕು ಮೆಟ್ಟಿಲು ಮೇಲೆ ನಿಂತು ಒಂದೇ ಸಮನೆ ಕೂಗುತ್ತಿದ್ದ. "ಅತ್ಕಂಡ್ ಬನ್ನಿ ಅವ್ವಾ. ಅಂಗೇ ನಿಧಾನುಕ್ಕೆ ಅತ್ಕಂಡ್ ಬನ್ನಿ." ಹತ್ತಿಕೊಂಡು ಬಾ ಎನ್ನುತ್ತಿದ್ದನೋ ಅತ್ತುಕೊಂಡು ಬಾ ಎನ್ನುತ್ತಿದ್ದನೋ, ನಾನು ಎರಡನ್ನೂ ಮಾಡಿದೆ.

ಸವಿತ ಎರಡು ಸಲ ಹಿಂದಕ್ಕೆ ಬಂದು "ಅತ್ತೆ, ಸಾಕು, ಇಲ್ಲೇ ಕೂತ್ಕೊಳಿ" ಎಂದಳು. "ನೀನು ನಿನ್ನ ಸಾಹೇಬರ ಜೊತೆ ಇರು, ಹೋಗು" ಎಂದು ಅಟ್ಟಿದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನನಗೆ ನಂಬಿಕೆಯಿತ್ತು.

ಒಂದು ಸಪಾಟು ಜಾಗ ಬಂದಾಗ ಮಾದಣ್ಣ ಹೇಳಿದ, "ಎಂಬತ್ ಪರ್ಸೆಂಟ್ ಆಯ್ತು ಕಣವ್ವಾ. ಇನ್ ಇಪ್ಪತ್ತೇಯ." ಹೇಳಿ, ಡಬ್ಬಿ ಹೆಗಲಿಗೇರಿಸಿ ಮುಂದಿನವರ ಕಡೆ ಹೋದ. ಅವನು ಮರೆಯಾಗುವುದಕ್ಕೂ ಬಂಡೆಯ ಮಗ್ಗುಲಿಂದ ಕಿರಣ ಬರುವುದಕ್ಕೂ ಸರಿಹೋಯಿತು. ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ಅಜ್ಜಿ, ಒಂದ್ ವಿಷ್ಯ ಕೇಳ್ತೀನಿ, ನಿಜ ಹೇಳ್ಬೇಕು. ಹೈಕ್ ಎಷ್ಟು ಪರ್ಸೆಂಟ್ ಆಯ್ತು?"

ಬೆಳಿಗ್ಗೆ ಕೇಳಿದ್ದರೆ ನನಗೆ ತಪ್ಪು ತಿಳಿವಳಿಕೆಯಾಗುತ್ತಿತ್ತು. ಈಗ ನಾನು ಹೈಕ್ ಎಂದರೆ ಏನೆಂದು ಕಲಿತವಳು.

"ಎಂಬತ್ತು," ಎಂದೆ.

ನನ್ನಿಂದ ಬಾಟಲಿ ವಾಪಸ್ ತೆಗೆದುಕೊಂಡು ಕುಡಿಯುತ್ತಿದ್ದ ನೀರು ಅವನ ಮೂಗಿನಲ್ಲಿ ಬಂತು. "ಎಂಬತ್ತಾ?"

"ಹೂಂ. ಇಷ್ಟಕ್ಕೇ ನನ್ನ ಜೀವ ಹೋಗಿದೆ. ಇನ್ನೂ ಇಪ್ಪತ್ತು ಇದೆಯಂತೆ."

"ಇನ್ನೂ ಇಪ್ಪತ್ತಾ? ಯಾರಜ್ಜಿ ಹೇಳಿದ್ದು?"

"ಅವನೇ. ನಿಮ್ಮನ್ನೆಲ್ಲ ಮುಂದೆ ನಿಂತು ನಡೆಸ್ತಿದಾನಲ್ಲ, ಅವನೇ ಈಗ ತಾನೇ ಹೇಳಿ ಹೋದ."

ಕಿರಣ ಕತ್ತೆತ್ತಿ ನೋಡಿದ. ಮೇಲೆ ಎಲ್ಲರ ಮುಂದೆ, ಕೊರಳಲ್ಲಿ ಹಾರ ಅಲ್ಲಾಡಿಸಿಕೊಂಡು, ಜೋಸೆಫ್ ಸಾರ್ ಹತ್ತುತ್ತಿದ್ದರು.

ಅವನು ಎದ್ದು ಎರಡೆರಡು ಮೆಟ್ಟಿಲು ಹಾರಿಕೊಂಡು ಓಡಿದ. "ಮಗಾ, ಎಂಬತ್ತಂತೆ ಮಗಾ. ಮುಂದೆ ಇನ್ನೂ ಇಪ್ಪತ್ತು ಕೊಡ್ತಾರಂತೆ" ಎಂದು ಯಾರಿಗೋ ಹೇಳುವುದು ಕೇಳಿಸಿತು. ಪಾಪ, ಮುದುಕಿಯ ಕಷ್ಟಕ್ಕೆ ಎಷ್ಟು ಮರುಗುತ್ತಾನೆ ಎಂದುಕೊಂಡೆ. 'ಕೊಡ್ತಾರಂತೆ' ಎಂಬ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಬೀಳಲಿಲ್ಲ.

ನೆತ್ತಿ ಮುಟ್ಟಿದಾಗ ಬಿಸಿಲು ಏರಿತ್ತು. ನಾಲ್ಕು ಕಲ್ಲಿನ ಕಂಬ, ನಡುವೆ ಬಸವಣ್ಣ, ಸುತ್ತ ಕಣ್ಣು ಹೋಗುವಷ್ಟು ದೂರ ಬೆಟ್ಟದ ಮೇಲೆ ಬೆಟ್ಟ. ಚೆನ್ನಾಗಿರುತ್ತದೆ ಎಂದು ಹೇಳುತ್ತಾರೆ. ನಾನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದೆ. ಕಣ್ಣು ಬಿಟ್ಟಿದ್ದು ಕಿರಣನ ದನಿಗೆ.

"ಸಾರ್, ನಮಗೆಲ್ಲ ಬಜೆಟ್ ಇಲ್ಲ ಅಂತೀರ. ಸವಿತಂಗೆ ಎಂಬತ್ತು ಪರ್ಸೆಂಟ್ ಹೈಕ್ ಅಂತೆ?"

ಜೋಸೆಫ್ ಸಾರ್ ಬಾಯಿಗೆ ಇಡುತ್ತಿದ್ದ ಬಿಸ್ಕತ್ತು ಅಲ್ಲೇ ನಿಂತಿತು. "ಯಾರು ಹೇಳಿದ್ದು?"

"ಅವರ ಅತ್ತೆನೇ. ನೀವೇ ಹೇಳಿದ್ರಂತೆ. ಹಾರಾನೂ ಹಾಕಿದ್ರಲ್ಲ ಸಾರ್ ಬೆಳಿಗ್ಗೆ."

ಹನ್ನೆರಡು ಮುಖ ನನ್ನ ಕಡೆ ತಿರುಗಿದವು. ಸವಿತಳ ಮುಖ ಬಿಳಿಚಿಕೊಂಡಿತ್ತು.

"ಅತ್ತೆ, ಏನಂದ್ರಿ ನೀವು?"

"ಎಂಬತ್ತು ಅಂದೆ. ಬೆಟ್ಟದ್ದು."

"ಊಂ ಸಾ," ಎಂದ ಮಾದಣ್ಣ ಡಬ್ಬಿ ಇಳಿಸುತ್ತಾ. "ಎಂಬತ್ ಅಂದಿದ್ದು ನಾನು. ಅವ್ವ ಕೂತ್ಬುಟ್ಟಿದ್ರಲ್ಲ, ಧೈರ್ಯಕ್ ಅಂಗಂದೆ. ಅರವತ್ತೂ ಆಗಿರ್ನಿಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ಮುಗಿದುಹೋಗಬೇಕಿತ್ತು. ಆದರೆ ಜೋಸೆಫ್ ಸಾರ್ ನಗಲಿಲ್ಲ. ಅವರು ತಮ್ಮ ಕೊರಳ ಹಾರವನ್ನು ಬೆರಳಲ್ಲಿ ಎತ್ತಿ ನೋಡಿದರು.

"ಅಮ್ಮಾ, ಹಾಗಾದ್ರೆ ಬೆಳಿಗ್ಗೆ ಇದು ಯಾವ ಹೈಕಿಗೆ ಹಾಕಿದ್ದು?"

ಸುಳ್ಳು ಹೇಳುವುದಕ್ಕೆ ಉಸಿರು ಬೇಕು. ನನ್ನಲ್ಲಿ ಉಳಿದಿರಲಿಲ್ಲ.

"ಸಂಬಳದ ಹೈಕಿಗೇ ಹಾಕಿದ್ದು. ಎರಡು ವರ್ಷದಿಂದ ಮುಂದಿನ ಸಲ ನೋಡೋಣ ಅಂತಿದ್ರಂತಲ್ಲ, ಈ ಸಲ ಕೊಟ್ರು ಅಂದ್ಕೊಂಡೆ. ಅವಳು ಹೇಳಿದ್ದಲ್ಲ, ನಾನೇ ತಿಳ್ಕೊಂಡಿದ್ದು. ಕೊಟ್ಟಿಲ್ಲ ಅಂದ್ಮೇಲೆ ಆ ಹಾರ ವಾಪಸ್ ಕೊಡಿ."

ಸವಿತ ಕಣ್ಣು ಮುಚ್ಚಿಕೊಂಡಳು. ಜೋಸೆಫ್ ಸಾರ್ ಒಂದು ಗಳಿಗೆ ನನ್ನನ್ನು ನೋಡಿ, ಹಾರ ತೆಗೆದು ಎರಡೂ ಕೈಯಲ್ಲಿ ಕೊಟ್ಟರು. ನಾನು ಅದನ್ನು ತೆಗೆದುಕೊಂಡು ಹೋಗಿ ಬಸವಣ್ಣನಿಗೆ ಹಾಕಿದೆ. ಆ ಬೆಟ್ಟದ ಮೇಲೆ ನನ್ನನ್ನು ದುರುಗುಟ್ಟಿ ನೋಡದೆ ಇದ್ದವನು ಅವನೊಬ್ಬನೇ.

ಎಡೆ ಇಡೋಣವೆಂದು ಹಿಂದಕ್ಕೆ ತಿರುಗಿದರೆ ಡಬ್ಬಿ ಖಾಲಿ. ನಕ್ಕು ನಕ್ಕು ಹಸಿದವರು ಐವತ್ತೂ ಒಬ್ಬಟ್ಟನ್ನು ಮುಗಿಸಿ, ಕಿರಣ ತಳದ ತುಪ್ಪವನ್ನು ಬೆರಳಲ್ಲಿ ಬಳಿಯುತ್ತಿದ್ದ. ನಾನು ಬರಿಗೈ ಮುಗಿದು ನಿಂತೆ. "ಬಸವಣ್ಣ, ನನ್ನ ಬಾಯಿಂದ ಈ ಹುಡುಗಿ ಕೆಟ್ಟಳು. ಇವಳಿಗೆ ನಿಜವಾದ ಹೈಕ್ ಬರಲಿ. ಬಂದರೆ ನಾನೇ ಇದೇ ಕಾಲಲ್ಲಿ ನಡೆದು ಬಂದು ನಿನಗೆ ಒಬ್ಬಟ್ಟು ಇಡುತ್ತೇನೆ."

ಬಳಲಿದವರು ಹರಕೆ ಹೊರಬಾರದು. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

ಇಳಿದದ್ದನ್ನು ಇಳಿದೆ ಎನ್ನಲಾಗದು. ಕೂತೆ, ಜಾರಿದೆ, ಮತ್ತೆ ಕೂತೆ. ರೇಷ್ಮೆ ಸೀರೆಯ ಹಿಂಭಾಗದ ಕಾಲು ಗಜ ಆ ಬಂಡೆಯ ಮೇಲೇ ಉಳಿದಿದೆ. ಸವಿತ ಉದ್ದಕ್ಕೂ ನನ್ನ ರೆಟ್ಟೆ ಹಿಡಿದುಕೊಂಡಿದ್ದಳು. ಬೈದಿದ್ದರೆ ಇಳಿಯುವುದು ಇನ್ನೂ ಸುಲಭವಾಗುತ್ತಿತ್ತು.

ಮನೆಯಲ್ಲಿ ಯಜಮಾನರು ಬಾಗಿಲು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊಟ ಚೆನ್ನಾಗಿತ್ತಾ?" ಎಂದರು. ಐದನೇ ಕ್ಲಾಸಿನ ಮೊಮ್ಮಗಳು ಸಿರಿ ಎಲ್ಲ ಕೇಳಿ, "ನನ್ನ ಕೇಳಿದ್ರೆ ಹೇಳ್ತಿದ್ದೆ ಅಜ್ಜಿ, ಹೈಕಿಗೆ ಎರಡು ಮೀನಿಂಗ್" ಎಂದಳು. ಪುಷ್ಪಮ್ಮ ಮೂರು ಸಲ ಬೆಲ್ ಒತ್ತಿದಳು. ನಾನು ಮಲಗಿದ್ದೇನೆ ಎಂದು ಹೇಳಿಸಿದೆ. ಸುಳ್ಳೇನಲ್ಲ, ಏಳುವುದಕ್ಕೆ ಆಗುತ್ತಿರಲಿಲ್ಲ.

ಹತ್ತು ದಿನ ಸವಿತ ಮೆಟ್ಟಿಲು ಹತ್ತಿಯೇ ಬಂದಳು. ನಿಂತೇ ಉಂಡಳು. ನಾನು ಉಪ್ಪು ಬೇಕಾ ಎಂದು ಕೇಳುವುದಕ್ಕೂ ಹೆದರಿದೆ. ಹನ್ನೊಂದನೇ ದಿನ ಸಂಜೆ ಲಿಫ್ಟಿನ ಬಾಗಿಲು ತೆರೆದ ಸದ್ದಾಯಿತು. ಅವಳು ಒಳಗೆ ಬಂದು ಚೀಲ ಇಳಿಸಿದಳು.

"ಅತ್ತೆ, ಹೈಕ್ ಬಂತು."

"ನೀನು ಹೋಗಿ ಬಾ ತಾಯಿ. ನನ್ನ ಕೈಲಾಗಲ್ಲ," ಎಂದೆ.

ಅವಳು ನಕ್ಕಳು. ಎರಡು ವರ್ಷದಲ್ಲಿ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತಳು. ಫೋನಿನಲ್ಲಿ ಕಾಗದ ತೋರಿಸಿದಳು. ಆರು ಪರ್ಸೆಂಟ್. "ಅಮ್ಮನ ಹತ್ರ ನನ್ನ ಹಾರ ಇದೆ, ವಾಪಸ್ ಕಳಿಸೋಕೆ ಹೇಳಿ ಅಂದ್ರು ಜೋಸೆಫ್ ಸಾರ್."

ನನ್ನ ಎದೆ ಒಂದು ಗೇಣು ಉಬ್ಬಿತು. "ನೋಡಿದ್ಯಾ? ಅವತ್ತು ಮೇಲೆ ನಾನು ಮುಖಕ್ಕೆ ಹೊಡೆದ ಹಾಗೆ ಕೇಳಿದ್ದಕ್ಕೆ..."

"ಇಲ್ಲ ಅತ್ತೆ. ಪಟ್ಟಿ ಹಿಂದಿನ ದಿನ ಶುಕ್ರವಾರನೇ ಹೋಗಿತ್ತಂತೆ. ಮೇಲೆ ಹೋದ್ಮೇಲೆ ಅದನ್ನೇ ಹೇಳೋಣ ಅಂತಿದ್ರಂತೆ. ನಿಮ್ಮ ಗಲಾಟೇಲಿ ಆಗ್ಲಿಲ್ಲ ಅಂದ್ರು."

ಅಂದರೆ ನಾನು ಒಬ್ಬಟ್ಟಿಗೆ ಬೇಳೆ ರುಬ್ಬುತ್ತಿದ್ದ ಹೊತ್ತಿಗೆ ಹೈಕ್ ಬಂದಾಗಿತ್ತು. ಪುಷ್ಪಮ್ಮನಿಗೆ ನಾನು ಹೇಳಿದ್ದೂ ನಿಜ, ಮ್ಯಾನೇಜರಿಗೆ ಹಾರ ಹಾಕಿದ್ದೂ ಸರಿ. ತಪ್ಪಾದದ್ದು ಒಂದೇ, ಕೊಟ್ಟ ಮೇಲೆ ಕಿತ್ತುಕೊಂಡ ಹಾರ. ಅದೂ ನಾನೇ ಕಿತ್ತುಕೊಂಡದ್ದು.

ಒಳಗಿನಿಂದ ಯಜಮಾನರು ಪೇಪರು ಮಡಿಸುವ ಸದ್ದಾಯಿತು. "ಹೈಕ್ ಬಂದ್ರೆ ಅದೇನೋ ಹರಕೆ ಅಂತಿದ್ದೆ ಅಲ್ವೇನೇ?"

ಈ ಶನಿವಾರ ಮಾದಣ್ಣನಿಗೆ ಬರಹೇಳಿದ್ದೇವೆ. ಸಿರಿಯ ಆಟದ ಬೂಟು ನನ್ನ ಕಾಲಿಗೆ ಹಿಡಿಯುವುದಿಲ್ಲ, ಮಗನದು ದೊಡ್ಡದಾಗುತ್ತದೆ. ಅದರೊಳಗೆ ಹಳೇ ಬಟ್ಟೆ ತುರುಕಿಟ್ಟಿದ್ದೇನೆ. ಒಬ್ಬಟ್ಟು ಈ ಸಲ ಒಂದೇ, ಬಸವಣ್ಣನಿಗೆ. ಯಜಮಾನರಿಗೆ ಬೆಟ್ಟದ ಗಾಳಿಯೂ ಆಗಿಬರುವುದಿಲ್ಲವಂತೆ. ನಿಧಾನಕ್ಕೆ ಹೋಗುತ್ತೇನೆ, ಮಾದಣ್ಣ ಹೇಳಿದ ಹಾಗೆ, ಅತ್ಕಂಡು.